ಎರಡು ಕೆರೆಗಳ ನಡುವಿನ ನೆಲ

ಹೋದ ಸೋಮವಾರ ಚನ್ನಪಟ್ಟಣದ ಪಕ್ಕದ ನಮ್ಮೂರಲ್ಲಿ ಎರಡು ಕೆರೆಗಳ ನಡುವಿನ ನೆಲವನ್ನು ಜೆಸಿಬಿ ತಂದು ಕಡಿದುಹಾಕಿದರು. ಕೆರೆಗಳನ್ನು ಒಂದು ಮಾಡಿ ದೋಣಿ ಬಿಡುತ್ತಾರಂತೆ.

ಬಗೆದ ಕೆಮ್ಮಣ್ಣಿನ ವಾಸನೆಗೆ ಅಜ್ಜಿ ನೆನಪಾದಳು. ಆಚೆ ದಡದ ತೋಟದಿಂದ ರೇಷ್ಮೆಹುಳುಗಳಿಗೆ ಸೊಪ್ಪಿನ ಹೊರೆ ಹೊತ್ತು ಅವಳು ಬರುತ್ತಿದ್ದುದು ಅದೇ ದಾರಿಯಲ್ಲಿ. ಸುತ್ತಿ ಬಂದರೆ ಸೊಪ್ಪು ಬಾಡುತ್ತಿತ್ತು. ಬೇಸಿಗೆಯಲ್ಲಿ ಅಲ್ಲಿ ದಾಟುವವರೆಲ್ಲ ಕೆರೆಯಂಗಳದಿಂದ ಒಂದು ಮಂಕರಿ ಮಣ್ಣು ತಂದು ದಾರಿಗೆ ಸುರಿಯಬೇಕೆಂಬುದು ಊರಿನ ಕಟ್ಟುಪಾಡು.

ಒಮ್ಮೆ ನಮ್ಮ ಮೇಷ್ಟ್ರು ತರಗತಿಯನ್ನೇ ಅಲ್ಲಿಗೆ ಕರೆದೊಯ್ದರು. "ಎರಡು ಕಡೆ ನೀರು, ನಡುವೆ ಎರಡು ನೆಲ ಕೂಡಿಸೋ ಕಿರಿದಾದ ದಾರಿ. ಇದೇ ಭೂಸಂಧಿ. ಪನಾಮದಲ್ಲಿ ಇಂಥದ್ದನ್ನೇ ಕಡಿದು ಹಡಗು ಬಿಟ್ಟರು" ಎಂದರು.

ಹೊರೆ ಹೊತ್ತು ಬರುತ್ತಿದ್ದ ಅಜ್ಜಿ ಅಲ್ಲೇ ನಿಂತಳು. "ಅಂಗಾರೆ ಜನ ಎಲ್ಲಿ ನಡೀತಾರೆ ಮೇಷ್ಟ್ರೇ? ಹಡಗು ಬುಟ್ಟೋರ್ನ ಒಸಿ ಕೇಳ್ಕೊಂಡ್ ಬನ್ನಿ!"

"ಮೇಲೆ ಸೇತುವೆ ಕಟ್ಟವ್ರೆ ಕಣವ್ವ."

"ಅಂಗೇಳಿ ಮತ್ತೆ!"

ನಮ್ಮೂರಲ್ಲಿ ಸೇತುವೆಯನ್ನೂ ಕಟ್ಟಿಲ್ಲ. ಸೊಪ್ಪಿನ ಹೊರೆ ಹೊತ್ತ ಹೆಂಗಸರು ಈಗ ಕೆರೆ ಸುತ್ತಿ ಬರುತ್ತಿದ್ದಾರೆ. ಊರವರನ್ನು ಕೇಳದೆ ಇದನ್ನು ಕಡಿಯಲು ಒಪ್ಪಿಗೆ ಕೊಟ್ಟವರು ಯಾರು? ಅವರು ಗ್ರಾಮಸಭೆಗೆ ಬಂದು, ಆ ಹೆಂಗಸರ ಎದುರಿಗೆ ನಿಂತು ಉತ್ತರ ಕೊಡಲಿ.