ಬೀದಿ ಬೆಲ್ಟಿಗೆ ಕಥೆ ಕಟ್ಟಿದ ದಿನಗಳು

ಅಣ್ಣ ಎಡಗೈಯಲ್ಲಿ ಕಾಫಿ ಲೋಟ ಹಿಡಿಯಲು ಶುರುಮಾಡಿದ ಮೇಲೆ ನನಗೆ ನೆಮ್ಮದಿ ಎಂಬುದೇ ಇರಲಿಲ್ಲ. "ಎಡಗೈಯಲ್ಲಿ ಕುಡೀತೀಯಲ್ಲೋ, ದರಿದ್ರ" ಎಂದು ಅಮ್ಮ ಗದರಿದರೆ ಲೋಟ ಬಲಗೈಗೆ ಹೋಗುತ್ತಿತ್ತು. ಅಮ್ಮ ಅಡುಗೆಮನೆಗೆ ತಿರುಗಿದರೆ ಮತ್ತೆ ಎಡಗೈಗೆ ಬರುತ್ತಿತ್ತು. ಕೇಳಿದರೆ, "ಕತ್ತು ಸ್ವಲ್ಪ ಹಿಡ್ಕೊಂಡಿದೆ ಕಣೇ, ಸುಮ್ನಿರು" ಎನ್ನುತ್ತಿದ್ದ. ನಾನು ಸುಮ್ಮನಿರುವವರ ಪೈಕಿಯಲ್ಲ. ಆದರೆ ಈ ವಿಷಯದಲ್ಲಿ ಬಾಯಿಬಿಡುವಂತೆಯೂ ಇರಲಿಲ್ಲ.

ಎಂಬತ್ತರ ದಶಕದ ಮಾತು. ನಮ್ಮ ಮನೆ ವಿಜಯನಗರದಲ್ಲಿತ್ತು. ಅಣ್ಣ ಬಿನ್ನಿಪೇಟೆಯ ಗರಡಿಯಲ್ಲಿ ಮಣ್ಣು ಮೆತ್ತಿಕೊಂಡು ಬೆಳೆದ ಪೈಲ್ವಾನ. ಮಾಗಡಿ ರಸ್ತೆಯ ಪಕ್ಕದ ಖಾಲಿ ಜಾಗವೊಂದರಲ್ಲಿ ಒಬ್ಬ ಕಂಟ್ರಾಕ್ಟರ್ ಸುತ್ತಲೂ ತಗಡು ಕಟ್ಟಿಸಿ, ನಡುವೆ ಹಗ್ಗದ ರಿಂಗ್ ಹಾಕಿಸಿ, ಭಾನುವಾರ ಸಂಜೆ ಟಿಕೆಟ್ ಇಟ್ಟು ಫ್ರೀಸ್ಟೈಲ್ ಕುಸ್ತಿ ಆಡಿಸುತ್ತಿದ್ದ. ಯಾರು ಗೆಲ್ಲಬೇಕು, ಯಾರು ಬೀಳಬೇಕು ಎಂಬುದೆಲ್ಲ ಮೊದಲೇ ನಿಗದಿಯಾಗಿರುತ್ತಿತ್ತು. ಈ ಗುಟ್ಟು ಹೊರಗೆ ಬಿದ್ದರೆ ತಗಡಿನೊಳಗೆ ಯಾರೂ ಕಾಲಿಡುವುದಿಲ್ಲ, ಅದನ್ನೇ ನಂಬಿದ್ದ ಪೈಲ್ವಾನರ ಮನೆಯಲ್ಲಿ ಒಲೆ ಹೊತ್ತುವುದಿಲ್ಲ. ಅಮ್ಮನಿಗೂ ಹೇಳಿರಲಿಲ್ಲ. ನನಗೆ ಮಾತ್ರ ಗೊತ್ತಿತ್ತು, ಏಕೆಂದರೆ ಕಥೆ ಕಟ್ಟುತ್ತಿದ್ದವಳೇ ನಾನು. ಬಸವೇಶ್ವರನಗರದ ನರ್ಸರಿ ಶಾಲೆಯಲ್ಲಿ ಮಕ್ಕಳಿಗೆ ದಿನಕ್ಕೊಂದು ಕಥೆ ಹೇಳುತ್ತಿದ್ದ ನನ್ನನ್ನು ಅಣ್ಣನೇ ಕಂಟ್ರಾಕ್ಟರ್ ಮುಂದೆ ನಿಲ್ಲಿಸಿದ್ದ.

ಬೀದಿ ಬೆಲ್ಟ್ ನನ್ನ ತಲೆಯಲ್ಲಿ ಹುಟ್ಟಿದ್ದು. ರೆಕ್ಸಿನ್ ಪಟ್ಟಿಗೆ ಹಿತ್ತಾಳೆ ತಟ್ಟೆ ಬಡಿದ ಬೆಲ್ಟ್. ಚಾಂಪಿಯನ್, ಅಂದರೆ ಅಣ್ಣ, ಹೊಸಿಲು ದಾಟಿದರೆ ಸಾಕು, ಅದು ಸೊಂಟದಲ್ಲಿರಬೇಕು. ಎಲ್ಲಿ ಸಿಕ್ಕಿದರೂ, ಯಾರು ಬೇಕಾದರೂ ಬೀಳಿಸಿ, ಬೆನ್ನು ನೆಲಕ್ಕೆ ಹಚ್ಚಿ ಚಿತ್ ಮಾಡಿ ಅದನ್ನು ಗೆಲ್ಲಬಹುದು. ಗರಡಿಯವರ ಪ್ರಕಾರ ಇದು ಶುದ್ಧ ಅಧರ್ಮ. ಅವರಲ್ಲಿ ಮೊದಲು ನಾಲ್ಕು ಜನರೆದುರು ಜೋಡಿ ಕಟ್ಟಬೇಕು: ಇಬ್ಬರೂ ಕೈಗೆ ಕೈ ಕೊಟ್ಟು, ಹಿಡಿತ ನೋಡಿ, ಸರಿಸಮ ಎನಿಸಿದರೆ ಮಾತ್ರ ಕುಸ್ತಿ. ಕೂಡುವುದಿಲ್ಲ ಎಂದು ಹೇಳಿ ಎದ್ದುಹೋದರೂ ಯಾರಿಗೂ ಅವಮಾನವಿಲ್ಲ. ನಾನು ಆ ಪದ್ಧತಿಯನ್ನೇ ಕಿತ್ತುಹಾಕಿದ್ದೆ. ಜನ ಮುಗಿಬಿದ್ದರು. ಕ್ಷೌರದಂಗಡಿಯಲ್ಲಿ ಅಣ್ಣ ಅರ್ಧ ಗಡ್ಡ ಹೆರೆಸಿಕೊಂಡಿದ್ದಾಗ ಒಬ್ಬ ಅವನ ಮೇಲೆ ಎಗರಿದ. ಸೀಮೆಎಣ್ಣೆ ಕ್ಯೂನಲ್ಲಿ ಇನ್ನೊಬ್ಬ ಬಂದಾಗ, "ತಡಿಯಪ್ಪ, ಕ್ಯಾನ್ ತುಂಬಿಸ್ಕೊಂಡ್ಬಿಡ್ತೀನಿ" ಎಂದು ಅಣ್ಣ ನಿಜಕ್ಕೂ ಕಾಯಿಸಿದ. ಎಲ್ಲರೂ ನಮ್ಮ ತಂಡದವರೇ. ಎಲ್ಲರೂ ಮೆತ್ತಗೆ ಬೀಳುತ್ತಿದ್ದರು, ಬೀಳಿಸುತ್ತಿದ್ದರು.

ಆದರೆ ಕ್ಯೂನಲ್ಲಿ ಅಣ್ಣ, ಚಿತ್ ಆಗದಿದ್ದರೂ, ಕತ್ತು ಅಡಿಯಾಗಿ ಬಿದ್ದಿದ್ದ; ಆ ದಿನದಿಂದಲೇ ಲೋಟ ಎಡಗೈಗೆ ಹೋಗಿತ್ತು. ಅಣ್ಣನಿಂದ ಬೆಲ್ಟನ್ನು ಹೇಗಾದರೂ ಕಳಚಬೇಕು, ಆದರೆ ಅವನು ಇನ್ನೊಮ್ಮೆ ಬೀಳಬಾರದು. ಪಾಠ ಮಾಡುವಾಗ, ಅಕ್ಕಿ ಆರಿಸುವಾಗ, ಬಸ್ಸಿಗೆ ಕಾಯುವಾಗ ಅದೇ ಯೋಚನೆ. ಕಂಟ್ರಾಕ್ಟರ್ ಬಳಿ ಹೋಗಿ ಹೊಸ ಹೊಸ ಕಥೆ ಒಪ್ಪಿಸಿದೆ.

"ಬೆಲ್ಟ್ ಕಳುವಾಗಿಬಿಡುತ್ತೆ ಸಾರ್. ಕದ್ದೋನೇ ಚಾಂಪಿಯನ್ ಅಂತಾನೆ."

"ಕಳ್ಳನ್ನ ನೋಡೋಕೆ ಯಾರು ಟಿಕೆಟ್ ತಗೋತಾರೆ ಟೀಚರಮ್ಮ?"

"ಮುಖವಾಡದವನೊಬ್ಬ ಬಂದು ಅಸಲಿ ಬೆಲ್ಟ್ ನಂದು ಅಂತಾನೆ. ಇಬ್ಬರು ಚಾಂಪಿಯನ್‌ಗಳು, ಯಾರು ನಿಜ ಅಂತ ತಿಂಗಳುಗಟ್ಟಲೆ ಎಳೀಬೋದು."

"ಕೊನೇಗೆ ನಿಮ್ಮಣ್ಣ ಬೀಳ್ತಾನಾ ಇಲ್ವಾ, ಅದು ಹೇಳಿ."

"ತಾಯಿ ಆಣೆ ಹಾಕ್ತಾಳೆ, ಅವನು ಬೆಲ್ಟ್ ಬಿಟ್ಟುಕೊಡ್ತಾನೆ."

ಆತ ಹೊಟ್ಟೆ ಕುಲುಕಿಸಿ ನಕ್ಕ. "ಜನಕ್ಕೆ ಬೀಳೋದು ಬೇಕಮ್ಮ. ಈ ಭಾನುವಾರ ನಿಮ್ಮಣ್ಣನ್ನ ಹಗ್ಗದ ಮೇಲಿಂದ ಆಚೆಗೆ ಎಸೆಸ್ತೀನಿ, ನೋಡಿ ಹೆಂಗಿರುತ್ತೆ."

ಕತ್ತಿನ ನೋವಿನ ವಿಷಯ ಹೇಳಿದರೆ ಅಣ್ಣನನ್ನು ಆಟದಿಂದಲೇ ತೆಗೆದುಹಾಕುತ್ತಾನೆ. ಹೇಳದಿದ್ದರೆ ಎಸೆಸುತ್ತಾನೆ. ಮನೆಗೆ ಬಂದು ಅಣ್ಣನ ಹತ್ತಿರ ಜಗಳ ಆಡಿದೆ. "ಬೀಳೋದು ಹೆಂಗೆ ಅಂತ ನನಗೆ ನೀನು ಹೇಳ್ಕೊಡ್ತೀಯಾ?" ಎಂದ. ಮಾತಿನ ನಡುವೆ ಅವನ ಬಲಗೈ ತೊಡೆಯ ಮೇಲೆ ಸುಮ್ಮನೆ ಬಿದ್ದಿತ್ತು. ಅದನ್ನು ನೋಡಿ ಇನ್ನಷ್ಟು ಹೆದರಿದೆ.

ಭಾನುವಾರ ಬೆಳಿಗ್ಗೆ ಬಾಗಿಲಲ್ಲಿ ಒಬ್ಬ ಆಳು ಬಂದು ನಿಂತ. ಬಾಗಿಲು ತುಂಬುವ ಮೈ, ಕೈಯಲ್ಲಿ ಬಾಳೆಹಣ್ಣಿನ ಚಿಪ್ಪು. ನಮ್ಮ ತಂಡದವನಲ್ಲ. "ಕೆಂಗೇರಿಯಿಂದ ಬಂದಿದೀನಿ ಅಕ್ಕ. ಅಣ್ಣನ ಬೆಲ್ಟಿಗೆ ಸವಾಲು. ಹಿಂದಿನಿಂದ ಎಗರೋದು ನಮ್ಮ ಗರಡಿ ಪದ್ಧತಿ ಅಲ್ಲ. ಜೋಡಿ ಕಟ್ಟಿಕೊಂಡೇ ಆಡ್ತೀನಿ" ಎಂದ.

ನಾನು ಕಟ್ಟಿದ ಸುಳ್ಳನ್ನು ಪೂರ್ತಿ ನಂಬಿ ಬಂದಿದ್ದ ನಿಜವಾದ ಪೈಲ್ವಾನ! ಬೀದಿಯವರು ಆಗಲೇ ಗುಂಪುಗೂಡಿದ್ದರು. ಇದೆಲ್ಲ ಆಟ ಕಣಪ್ಪ ಎಂದು ಕೂಗಿಬಿಡೋಣ ಎನಿಸಿತು, ಆದರೆ ತಂಡದವರ ಮುಖಗಳು ಕಣ್ಮುಂದೆ ಬಂದವು. ಅಷ್ಟರಲ್ಲಿ ಅಣ್ಣ ಬನಿಯನ್, ಲುಂಗಿಯ ಮೇಲೆ ಬೆಲ್ಟ್ ಬಿಗಿದು ಹೊಸಿಲು ದಾಟಿಯೇ ಬಿಟ್ಟ. ಹಿಂದೆ ಅಮ್ಮ.

ಬಂದವನು ಬಗ್ಗಿ ನೆಲ ಮುಟ್ಟಿ ಕಣ್ಣಿಗೊತ್ತಿಕೊಂಡು ಬಲಗೈ ಚಾಚಿದ. ಅಣ್ಣ ಒಂದು ಕ್ಷಣ ತಡೆದು ಕೈ ಕೊಟ್ಟ. ಆ ಪೈಲ್ವಾನ ಅದನ್ನು ಅದುಮಿದ. ಅಣ್ಣನ ಬೆರಳುಗಳು ತಿರುಗಿ ಬಿಗಿಯಲಿಲ್ಲ. ಅವನು ತಲೆಯೆತ್ತಿ ಅಣ್ಣನ ಮುಖ ನೋಡಿದ. ಮತ್ತೆ ಮೆತ್ತಗೆ ಅದುಮಿದ. ಆಮೇಲೆ ತನ್ನ ಎರಡೂ ಕೈಗಳಲ್ಲಿ ಆ ಕೈಯನ್ನು ಮುಚ್ಚಿಕೊಂಡು ಬೀದಿಗೆಲ್ಲ ಕೇಳುವಂತೆ ಹೇಳಿದ: "ಜೋಡಿ ಕೂಡಲ್ಲ. ಅಣ್ಣನ ತೂಕಕ್ಕೆ ನಾನು ಸಾಲಲ್ಲ."

ಅಣ್ಣನ ಒಂದೂವರೆಯಷ್ಟಿದ್ದ ಅವನು ಹಾಗೆ ಹೇಳಿದ್ದಕ್ಕೆ ಗುಂಪಿನಲ್ಲಿ ಗುಸುಗುಸು ಶುರುವಾಯಿತು. ಅವನು ಹಣ್ಣಿನ ಚಿಪ್ಪನ್ನು ಅಮ್ಮನ ಕೈಗಿಟ್ಟು ಹೊರಟ.

"ನಿಂತ್ಕೊಳಪ್ಪ" ಎಂದ ಅಣ್ಣ. "ಜೋಡಿ ಅರಿತೋನು ನೀನು. ಇದು ನಿನ್ನ ಹತ್ರಾನೇ ಇರಲಿ."

ಬೆಲ್ಟಿನ ಬಕಲಿಗೆ ಕೈ ಹಾಕಿದ. ಬಲಗೈ ಬೆರಳುಗಳು ಅದರ ಮೇಲೆ ಜಾರಿದವು, ಮತ್ತೆ ಜಾರಿದವು. ಎಲ್ಲರೂ ನೋಡುತ್ತಿದ್ದರು. ನಾನು ಹೋಗಿ ಬಿಚ್ಚಿಕೊಟ್ಟೆ. ಅಳು ಬಂತು, ಅದಕ್ಕಿಂತ ಹೆಚ್ಚಾಗಿ ಜೀವ ಬಂತು.

ಮಧ್ಯಾಹ್ನಕ್ಕೆ ಕಂಟ್ರಾಕ್ಟರ್ ಓಡಿಬಂದ. ಬೈಯುತ್ತಾನೆ ಎಂದುಕೊಂಡರೆ ಮುಖವೆಲ್ಲ ನಗು. ಕೆಂಗೇರಿ ಪೈಲ್ವಾನನನ್ನು ನೋಡಬೇಕೆಂದು ಜನ ಆಗಲೇ ತಗಡಿನ ಮುಂದೆ ಸೇರಿದ್ದರಂತೆ. "ಎಂಥಾ ಕಥೆ ಟೀಚರಮ್ಮ! ಮೊದಲೇ ಯಾಕೆ ಹೇಳ್ಲಿಲ್ಲ? ಅಣ್ಣ ವಾಪಸ್ ಗೆಲ್ಲೋದು ಯಾವಾಗ?"

"ಗೆಲ್ಲಲ್ಲ ಸಾರ್. ಅವನ ಕಥೆ ಮುಗೀತು" ಎಂದೆ.

ಮರುದಿನ ಬೆಳಿಗ್ಗೆ ಕಾಫಿ ತಂದ ಅಮ್ಮ ಅಣ್ಣನ ಬಲಗಡೆಯಿಂದ ಸುತ್ತಿಬಂದು, ಲೋಟವನ್ನು ಅವನ ಎಡಗೈಗೆ ಕೊಟ್ಟಳು.