ಬಾಗಿಲಿಗೆ ಎಣ್ಣೆ ಹಚ್ಚಿದ ಕೈ

ನಮ್ಮಕ್ಕನ ಮನೆಯ ಬಾಗಿಲಿಗೆ ಸನ್‌ಬರ್ನ್ ಆಗಿತ್ತು.

ತಮಾಷೆಯಲ್ಲ. ಕೋಡಿಹಳ್ಳಿಯ ಆ ಮನೆ ಪಶ್ಚಿಮಕ್ಕೆ ಮುಖ ಮಾಡಿದೆ. ಮಧ್ಯಾಹ್ನದ ಊಟ ಮುಗಿಯುವುದೇ ತಡ, ಬಿಸಿಲು ನೇರ ಬಂದು ಬಾಗಿಲಿಗೆ ಬಡಿಯುತ್ತದೆ. ಗೃಹಪ್ರವೇಶದ ದಿನ ಕೆಂಪಗೆ ಹೊಳೆಯುತ್ತಿದ್ದ ತೇಗದ ಬಾಗಿಲು ಬೂದಿ ಬಣ್ಣಕ್ಕೆ ತಿರುಗಿ, ಹಳೆಯ ವಾರ್ನಿಷ್ ಚಕ್ಕೆ ಚಕ್ಕೆಯಾಗಿ ಏಳುತ್ತಿತ್ತು. ಸಣ್ಣ ಬಿರುಕುಗಳು ಬೇರೆ. (ಬೇಸಿಗೆಯಲ್ಲಿ ಸ್ಕೂಟರ್ ಓಡಿಸಿದ ನನ್ನ ಮುಂಗೈ ಹೀಗೇ ಆಗುತ್ತದೆ. ನನಗಾದರೆ ಸನ್‌ಸ್ಕ್ರೀನ್ ಇದೆ. ಬಾಗಿಲಿಗೆ?)

"ಬಾಗ್ಲು ನೋಡುದ್ರೆ ಹೊಟ್ಟೆ ಉರೀತದೆ ಕಣಮ್ಮಿ. ಮರಕ್ಕೆ ಹಚ್ಚೋ ಎಣ್ಣೆ ಸಿಕ್ತದಂತಲ್ಲ, ಒಸಿ ತಗಂಡ್ ಬಾ" ಎಂದು ಅಕ್ಕ ಫೋನ್ ಮಾಡಿದಾಗ ನನಗೆ ಆಶ್ಚರ್ಯ. ಆ ಮನೆಯಲ್ಲಿ ಬಾಗಿಲಿನ ಬಗ್ಗೆ ಯಾರಾದರೂ ಯೋಚಿಸುವ ಕಾಲವೇ ಅದಾಗಿರಲಿಲ್ಲ.

ಭಾವ ಬಸ್ ಡ್ರೈವರ್. ಒಂದು ಬೆಳಗ್ಗೆ ಡ್ಯೂಟಿಗೆ ಹೊರಡಲು ಮುಖ ತೊಳೆಯುತ್ತಿದ್ದಾಗ ಸ್ಟ್ರೋಕ್ ಆಯಿತು. ಬೇಗ ಆಸ್ಪತ್ರೆ ಸೇರಿದ್ದರಿಂದ ಜೀವ ಉಳಿಯಿತು, ಮಾತು ಉಳಿಯಿತು. ಕಾಲು ಸ್ವಲ್ಪ ಎಳೆದರೂ ನಡೆಯುತ್ತಾರೆ. ಬಲಗೈ ಮಾತ್ರ ಸೋತುಹೋಯಿತು. ಬೆರಳು ಮಡಚಿದರೆ ಬಿಚ್ಚುವುದು ಕಷ್ಟ, ಬಿಚ್ಚಿದರೆ ಹಿಡಿಯುವುದು ಕಷ್ಟ. ಇಷ್ಟು ವರ್ಷ ಸ್ಟೇರಿಂಗ್ ತಿರುಗಿಸಿದ ಕೈ ಅದು.

ಫಿಸಿಯೋಥೆರಪಿಯವರು ರಬ್ಬರ್ ಚೆಂಡು ಕೊಟ್ಟು, ದಿನಾ ಹಿಸುಕಿ ಅಂದಿದ್ದರು. ಭಾವ ಮುಟ್ಟಲಿಲ್ಲ. "ನನ್ನೇನ್ ಮಗು ಅನ್ಕಂಡವ್ರಾ, ಚೆಂಡಾಟ ಆಡಕ್ಕೆ?"

ಜಗುಲಿಯ ಪ್ಲಾಸ್ಟಿಕ್ ಕುರ್ಚಿಯಲ್ಲಿ ಕೂತರೆ ಕೂತರು. ನೋಡಲು ಬಂದವರು ಅವರ ಕೈ ನೋಡುವುದು, ಅಕ್ಕನ ಮುಖ ನೋಡುವುದು, ಲೊಚಗುಟ್ಟುವುದು. ಬರಬರುತ್ತಾ ಗೇಟಿನ ಸದ್ದಾದರೆ ಭಾವ ಎದ್ದು ಒಳಗೆ ಹೋಗತೊಡಗಿದರು. ಬಲಗೈಯನ್ನು ಟವೆಲ್ ಅಡಿ ಮುಚ್ಚಿಟ್ಟುಕೊಳ್ಳುವುದು ಶುರುವಾಯಿತು. ನಮಗೆ ನಿಜವಾಗಿ ಭಯವಾಗಿದ್ದು ಆಗ.

ಇರಲಿ, ಎಣ್ಣೆ ವಿಷಯಕ್ಕೆ ಬರುತ್ತೇನೆ. ಕನಕಪುರದ ಹಾರ್ಡ್‌ವೇರ್ ಅಂಗಡಿಯಲ್ಲಿ ವಿಚಾರಿಸಿದೆ. ವಾರ್ನಿಷ್ ಮರದ ಮೇಲೆ ಕೂರುತ್ತದೆ, ಬಿಸಿಲಿಗೆ ಸಿಪ್ಪೆಯ ಹಾಗೆ ಏಳುತ್ತದೆ. ವುಡ್ ಆಯಿಲ್ ಮರದೊಳಗೆ ಇಳಿಯುತ್ತದೆ. ಹೊರಬಾಗಿಲಿಗಾದರೆ ಒಂಚೂರು ಬಣ್ಣ ಸೇರಿದ್ದೇ ಒಳ್ಳೆಯದು, ಬಿಸಿಲು ತಡೆಯುವುದು ಆ ಬಣ್ಣ. ತೆಳ್ಳಗೆ ಹಚ್ಚಿ, ಮರ ಕುಡಿದಷ್ಟು ಕುಡಿಯಲಿ ಅಂತ ಬಿಟ್ಟು, ಮಿಕ್ಕಿದ್ದನ್ನು ಬಟ್ಟೆಯಲ್ಲಿ ಒರೆಸಿಬಿಡಬೇಕು. ಒರೆಸದಿದ್ದರೆ ಅಂಟಂಟು; ಆಗ ಮತ್ತೆ ಸ್ವಲ್ಪ ಎಣ್ಣೆ ಹಾಕಿ ಉಜ್ಜಿದರೆ ಆ ಅಂಟು ಬಿಡುತ್ತದೆ. ಇಷ್ಟು ಕೇಳಿಕೊಂಡು, ಡಬ್ಬ ಹಿಡಿದು ಬಸ್ ಹತ್ತಿದೆ.

ಎಣ್ಣೆ ಹಚ್ಚುವುದು ನೆರಳಿನಲ್ಲೇ ಆಗಬೇಕು. ಹಾಗಾಗಿ ಬೆಳಗ್ಗೆ ತಿಂಡಿ ಮುಗಿಸಿದ ಕೂಡಲೇ ಅಕ್ಕ, ನಾನು ಸ್ಯಾಂಡ್‌ಪೇಪರ್ ಹಿಡಿದು ನಿಂತೆವು. ಬೂದಿ ಬಣ್ಣ ಉದುರಿದಂತೆ ಒಳಗಿನ ಕೆಂಪು ಕಾಣತೊಡಗಿತು. ಭಾವ ಕುರ್ಚಿಯಲ್ಲಿ ಕೂತು ನೋಡುತ್ತಿದ್ದರು.

"ಕಬ್ಬಿಣದ ಬಾಗ್ಲು ಹಾಕ್ಸದ್ ಬುಟ್ಟು ಇದ್ಯಾಕಮ್ಮಿ ಒದ್ದಾಟ? ಹಾಳಾದ್ರೆ ಹಾಳಾಗ್ಲಿ ಬುಡು."

ಅಕ್ಕ ತಿರುಗಿಯೂ ನೋಡಲಿಲ್ಲ. "ಬಿಸ್ಲು ಬಡೀತು ಅಂತ ಬಾಗ್ಲೇ ಕಿತ್ತಾಕದಾ?"

ಧೂಳು ಒರೆಸಿ, ಎಣ್ಣೆ ಹಚ್ಚಿದೆವು. ಕೆಳಗಿನ ಹಲಗೆಗೆ ಹಚ್ಚಿ, ಸ್ಟೂಲ್ ಹತ್ತಿ ನಾನು ಮೇಲಿನದಕ್ಕೆ ಹಚ್ಚುತ್ತಿದ್ದೆ. ಅಷ್ಟರಲ್ಲಿ ಒಳಗೆ ಹಾಲು ಉಕ್ಕಿತು. ಅಕ್ಕ ಓಡಿದಳು. ಒಲೆ ಮುಂದಿನಿಂದಲೇ ಕೂಗಿದಳು: "ಕೆಳಗಡೆದು ಒರ್ಸ್ರೀ ಯಾರಾದ್ರೂ, ಅಂಟಾಯ್ತದೆ."

ಯಾರಾದರೂ ಅಂದರೆ ಯಾರು? ನಾನು ಸ್ಟೂಲ್ ಮೇಲೆ.

ಭಾವ ಕುರ್ಚಿ ಎಳೆದುಕೊಂಡು ಬಾಗಿಲ ಹತ್ತಿರ ಬಂದರು. ಎಡಗೈಯಲ್ಲಿ ಬಟ್ಟೆ ತೆಗೆದುಕೊಂಡು ಒರೆಸಿದರು. ಬಾಗಿಲು ಆಚೆ ತಿರುಗಿತು. ಎಳೆದುಕೊಂಡು ಮತ್ತೆ ಒರೆಸಿದರು. ಮತ್ತೆ ತಿರುಗಿತು. ಹಿಡಿಯಲು ಒಂದು ಕೈ ಬೇಕು, ಒರೆಸಲು ಒಂದು. ಆಮೇಲೆ ಎಡಗೈಯಲ್ಲಿ ಬಾಗಿಲಿನ ಅಂಚು ಹಿಡಿದು, ಬಟ್ಟೆಯನ್ನು ಬಲಗೈಗೆ ತುರುಕಿಕೊಂಡರು.

ಬಟ್ಟೆ ಬಿತ್ತು. ಎತ್ತಿಕೊಂಡರು. ಮತ್ತೆ ಬಿತ್ತು.

ನಾನು ಇಳಿಯಲು ಕಾಲು ಕೆಳಗಿಟ್ಟೆ. "ನೀ ಇರವ್ವ" ಅಂದರು. ಅವರ ಹಣೆಯಲ್ಲಿ ಬೆವರು.

ಒಬ್ಬರು ಕಷ್ಟಪಡುವಾಗ ಸುಮ್ಮನೆ ನಿಲ್ಲುವುದು ಎಷ್ಟು ಕಷ್ಟ ಗೊತ್ತೇ? ಓಡಿ ಹೋಗಿ ಎತ್ತಿಕೊಡುವುದು ಬಲು ಸುಲಭ. ನಾನು ಬಾಗಿಲಿನ ಮೇಲ್ತುದಿಯನ್ನೇ ನೋಡುತ್ತಾ, ಎಣ್ಣೆ ಹಚ್ಚಿದಲ್ಲೇ ಹಚ್ಚುತ್ತಾ ನಿಂತೆ.

ಅಕ್ಕ ಯಾವಾಗ ಬಂದು ನಿಂತಿದ್ದಳೋ. ಹಳೆಯ ಸೀರೆಯ ಒಂದು ಪಟ್ಟಿ ಹರಿದು, ಬಟ್ಟೆಯನ್ನು ಭಾವನ ಅಂಗೈಗೆ ಸುತ್ತಿ ಕಟ್ಟಿದಳು. ಬಿಗಿಯಾಯಿತಾ ಎಂದು ಬೆರಳು ತೂರಿಸಿ ನೋಡಿದಳು. ಮತ್ತೆ ಒಳಗೆ ಹೋದಳು.

ಭಾವ ಒರೆಸಿದರು. ಮಣಿಕಟ್ಟು ಬಾಗದೆ, ಭುಜದಿಂದ ಇಡೀ ತೋಳನ್ನೇ ಎಳೆದಾಡುತ್ತಾ ಒರೆಸಿದರು. ಕೆಲಸ ಚೆನ್ನಾಗೇನೂ ಆಗಲಿಲ್ಲ. ಮಾರನೆಯ ಬೆಳಗ್ಗೆ ನೋಡಿದರೆ ನಾನು ಒರೆಸಿದ ಮೇಲಿನ ಭಾಗ ಒಣಗಿತ್ತು, ಕೆಳಗಿನ ಹಲಗೆಯಲ್ಲಿ ಅಲ್ಲಲ್ಲಿ ಅಂಟು. ಯಾರಿಗೂ ಕಾಣದ ಹಾಗೆ ಸರಿಮಾಡಿಬಿಡೋಣ ಎಂದು ನಾನು ಬಟ್ಟೆ ಹುಡುಕುತ್ತಿದ್ದೆ. ಅಷ್ಟರಲ್ಲಿ ಭಾವನೇ ಬಂದು ಬೆರಳಿಟ್ಟು ನೋಡಿದರು.

"ಅಂಟ್ತದೆ. ಸರ್ಯಾಗ್ ಒರ್ಸಿಲ್ಲ ನಾನು. ಒಸಿ ಎಣ್ಣೆ ಕೊಡವ್ವ, ಇನ್ನೊಂದ್ಸಲ ಉಜ್ಜುಮ."

ಕಾಯಿಲೆ ಬಿದ್ದ ಮೇಲೆ ಅವರು ಬಾಯಿಬಿಟ್ಟು ಏನಾದರೂ ಕೇಳಿದ್ದು ನಾನು ಕಂಡಂತೆ ಅದೇ ಮೊದಲು.

ಬಾಗಿಲಾದ ಮೇಲೆ ಕಿಟಕಿಗಳಾದವು. ಒರೆಸಿದ ಬಟ್ಟೆಗಳನ್ನು ಮುದ್ದೆ ಮಾಡಿ ಇಟ್ಟರೆ ತಾವಾಗಿಯೇ ಕಾದು ಬೆಂಕಿ ಹತ್ತಬಹುದು ಎಂದು ಡಬ್ಬದ ಮೇಲೆ ಬರೆದಿತ್ತು. ಅವನ್ನು ಹೊರಗೆ ಬಿಡಿಸಿ ಹರವುವ ಕೆಲಸವನ್ನೂ ಭಾವ ವಹಿಸಿಕೊಂಡರು. ಮಡಿಕೆ ಬಿಡಿಸುವುದು ಆ ಬೆರಳುಗಳಿಗೆ ದೊಡ್ಡ ಕಸರತ್ತು.

ಹೋದ ತಿಂಗಳು ಮತ್ತೆ ಹೋಗಿದ್ದೆ. ದಾರಿಯಲ್ಲಿ ಹೋಗುತ್ತಿದ್ದ ಒಬ್ಬರು ಗೇಟಿನ ಹತ್ತಿರ ನಿಂತು, "ಏನಣ್ಣ, ಹೊಸ ಬಾಗ್ಲಾ?" ಅಂದರು. ಭಾವ ಎದ್ದು ಒಳಗೆ ಹೋಗಲಿಲ್ಲ. "ಇಲ್ಲ ಕಣ್ಲಾ, ಅದೇ ಬಾಗ್ಲು. ಬಾ, ಮುಟ್ಟಿ ನೋಡು."

ಎಲ್ಲ ಸರಿಹೋಯಿತು ಎಂದು ನಾನು ಬರೆದರೆ ಸುಳ್ಳಾಗುತ್ತದೆ. ಅಂಗಿಯ ಗುಂಡಿ ಈಗ ನಿಧಾನವಾಗಿ ಅವರೇ ಹಾಕಿಕೊಳ್ಳುತ್ತಾರೆ. ಬಸ್ ಓಡಿಸುವುದು ಮುಗಿಯಿತು, ಅದು ಅವರಿಗೂ ಗೊತ್ತು. ಒಂದು ಸಂಜೆ ತಾವು ಓಡಿಸುತ್ತಿದ್ದ ರೂಟಿನ ಬಸ್ಸು ಮನೆ ಮುಂದೆ ಹಾರ್ನ್ ಮಾಡಿ ಹೋದಾಗ ಅತ್ತುಬಿಟ್ಟರಂತೆ. ಅಕ್ಕನೂ ಪಕ್ಕದಲ್ಲಿ ಕೂತು ಅತ್ತಳಂತೆ. ಚೆಂಡು ಮಾತ್ರ ಈಗ ಕುರ್ಚಿಯ ಪಕ್ಕದಲ್ಲಿದೆ. ಟವೆಲ್ ಹೆಗಲ ಮೇಲಿದೆ.

ಅಡುಗೆಮನೆಯಲ್ಲಿ ಅಕ್ಕನನ್ನು ಮೆಲ್ಲಗೆ ಕೇಳಿದೆ. "ನಿಜ ಹೇಳು, ಎಣ್ಣೆ ತರಿಸಿದ್ದು ಬಾಗಿಲಿಗಾ, ಭಾವನಿಗಾ?"

"ಬಾಗ್ಲಿಗೇ ಕಣಮ್ಮಿ. ಅವ್ರು ತಾವಾಗೇ ಬಂದ್ರು. ನಾನ್ ಅಡ್ಡ ಬರ್ಲಿಲ್ಲ, ಅಷ್ಟೆಯ."

ಆ ಅಡ್ಡ ಬರದಿರುವುದನ್ನು ನಾವು ಎಲ್ಲಿ ಕಲಿಯಬೇಕು? ನಮ್ಮ ಕರುಣೆಗೆ ಸದಾ ಆತುರ. ಅಯ್ಯೋ, ನೀವು ಕೂತ್ಕೊಳ್ಳಿ, ನಾನು ಮಾಡ್ತೀನಿ ಅನ್ನುತ್ತೇವೆ. ಕೂತವರು ಕೂತೇ ಬಿಡುತ್ತಾರೆ.

ಕಾಯಿಲೆ ಬಿದ್ದವರ ಮನೆಗೆ ಸೇಬು, ಮೂಸಂಬಿ ಹಿಡಿದು ಹೋಗುತ್ತೇವಲ್ಲ, ಅವರ ಕೈಗೊಂದು ಕೆಲಸ ಹಿಡಿದು ಹೋದವರು ನಮ್ಮಲ್ಲಿ ಎಷ್ಟು ಜನ?