ಹತ್ತಿ ಹೊಲದಿಂದ ಬಂದ ರೋಗಿ

1983ರ ಮಳೆಗಾಲದಲ್ಲಿ ನನಗೆ ಯಾವ ಉದ್ಯೋಗವೂ ಇರಲಿಲ್ಲ. ಪಿಯುಸಿ ವಿಜ್ಞಾನದಲ್ಲಿ ಒಳ್ಳೆಯ ಅಂಕ ಬಂದಿದ್ದವು, ಮೆಡಿಕಲ್ ಸೀಟಿನ ಯಾದಿ ಬಂದಿರಲಿಲ್ಲ. ಯರಗುಪ್ಪಿಯ ಮನೆಯಲ್ಲಿ ಪಡಸಾಲೆಯಿಂದ ಹಿತ್ತಲಿಗೆ, ಹಿತ್ತಲಿನಿಂದ ಪಡಸಾಲೆಗೆ ತಿರುಗುವುದೇ ನನ್ನ ಕೆಲಸವಾಗಿತ್ತು. ಅವ್ವ ಬೇಸತ್ತು, "ನಿನ್ನ ಕಾಲಿಗೇನು ಗಾಲಿ ಹಚ್ಯಾರೇನು?" ಎನ್ನುತ್ತಿದ್ದಳು.

ಅಪ್ಪ ಪ್ರಾಥಮಿಕ ಶಾಲೆಯ ಮಾಸ್ತರರು. ಒಂದು ದಿನ ಹತ್ತಿರ ಕೂರಿಸಿಕೊಂಡು ಹೇಳಿದರು: "ನೀಲಾ, ಡಾಕ್ಟರ್ ಆಗತೇನಿ ಅಂತೀದಿ. ದವಾಖಾನಿ ಒಳಗ ಏನು ನಡೀತದ ಅಂತ ನೀ ಒಂದು ದಿನಾನೂ ನೋಡಿಲ್ಲ. ನಿಮ್ಮ ಅಣ್ಣನ ಕಾಲಿಗೆ ಕುಡಗೋಲು ಬಡದಾಗ ಕಣ್ಣು ಮುಚ್ಚಿಕೊಂಡು ಓಡಿ ಹೋಗಿದ್ದಿ. ಮೊದಲು ನೋಡಿ ಬಾ. ಆಮ್ಯಾಲೆ ಹೂಂ ಅನ್ನು. ಬ್ಯಾಡ ಅನಿಸಿದ್ರ ಅದನ್ನೂ ಹೇಳು, ನಾ ಬೈಯಂಗಿಲ್ಲ."

ನೋಡುವುದಾದರೂ ಎಲ್ಲಿ? ಈಗಿನ ಮಕ್ಕಳು ಇದಕ್ಕೆ 'ಶ್ಯಾಡೋಯಿಂಗ್' ಎನ್ನುತ್ತಾರೆ. ವೈದ್ಯರ ನೆರಳಿನಂತೆ ಜೊತೆಗಿದ್ದು ಅವರ ದಿನ ಹೇಗೆ ಸಾಗುತ್ತದೆಂದು ಕಾಣುವುದು. ನಮ್ಮ ಕಡೆ ಆಗ ಅದಕ್ಕೆ ಹೆಸರೇ ಇರಲಿಲ್ಲ, ಹಾಗಾಗಿ ಕೇಳುವುದೇ ಕಷ್ಟವಾಗುತ್ತಿತ್ತು. ಕುಂದಗೋಳದ ಒಬ್ಬ ಹಿರಿಯ ಡಾಕ್ಟರು ನನ್ನ ಮಾತು ಪೂರ್ತಿ ಕೇಳಿ, "ತಂಗಿ, ಇದೇನು ನಾಟಕ ಅಲ್ಲ, ನಿಂತು ನೋಡಾಕ. ಸೀಟು ಸಿಕ್ಕ ಮ್ಯಾಲೆ ಕಾಲೇಜಿನವರೇ ತೋರಸ್ತಾರ" ಎಂದು ಚಹಾ ಕುಡಿಸಿ ಕಳಿಸಿದರು. ಹುಬ್ಬಳ್ಳಿಯ ದೊಡ್ಡ ಆಸ್ಪತ್ರೆಯೊಂದರ ಬಾಗಿಲಲ್ಲಿ "ಯಾವ ಪೇಷಂಟಿನ ಕಡೆಯವರು?" ಎಂದು ಕೇಳಿದರು. ಯಾರ ಕಡೆಯವಳೂ ಅಲ್ಲವೆಂದ ಮೇಲೆ ಒಳಗೆ ಬಿಡಲಿಲ್ಲ. ಇನ್ನೊಬ್ಬರು ಬಾ ಎಂದರು, ಆದರೆ ಹೊರಗೆ ಕೂರಿಸಿ ಗುಳಿಗೆ ಪುಡಿಮಾಡಿ ಪೊಟ್ಟಣ ಕಟ್ಟಲು ಹಚ್ಚಿದರು. ಪರದೆಯ ಆಚೆ ಏನು ನಡೆಯುತ್ತಿದೆಯೆಂದು ಕಿವಿಗೊಟ್ಟು ಕೇಳುತ್ತ ಕೆಲವು ದಿನ ಕಳೆದು, ಒಂದು ಮುಂಜಾನೆ ಹೋಗುವುದನ್ನೇ ಬಿಟ್ಟೆ.

ಮಿಶ್ರಿಕೋಟಿಯಲ್ಲಿ ನನ್ನ ಅತ್ತೆಯ ಮನೆಯಿತ್ತು. ಅಲ್ಲಿ ಡಾ. ಶಾಂತಾಬಾಯಿ ಎಂಬವರು ಎರಡು ಮಂಚದ ದವಾಖಾನೆ ನಡೆಸುತ್ತಿದ್ದರು. ಊರವರೆಲ್ಲ ಅವರನ್ನು ಬಾಯಾರು ಎಂದೇ ಕರೆಯುತ್ತಿದ್ದರು. ಅತ್ತೆಯ ಹೆರಿಗೆ ಮಾಡಿಸಿದವರೂ ಅವರೇ. ಅತ್ತೆ ನನ್ನನ್ನು ಕರೆದುಕೊಂಡು ಹೋದಳು.

"ಯಾಕ ಡಾಕ್ಟರ್ ಆಗಬೇಕು ನಿನಗ?" ಎಂದು ಕೇಳಿದರು ಬಾಯಾರು.

"ಮಂದೀ ಸೇವಾ ಮಾಡಬೇಕಂತ್ರಿ."

"ಅದನ್ನ ಎಲ್ಲಾರೂ ಅಂತಾರ. ಖರೇ ಹೇಳು."

"ಸುಮ್ಮ ಕುಂದ್ರಾಕ ಆಗಂಗಿಲ್ರಿ ನನಗ. ಏನರ ಮಾಡ್ತಾ ಇರಬೇಕು ಅನಿಸ್ತದ."

ಅವರು ಜೋರಾಗಿ ನಕ್ಕರು. "ಹಂಗಾದ್ರ ನಿನಗ ಇಲ್ಲಿ ಭಾಳ ತ್ರಾಸು ಆಗ್ತದ. ಇಲ್ಲಿ ನಿಂದು ಬರೇ ನೋಡೂ ಕೆಲಸ." ಆಮೇಲೆ ಕರಾರು ಹೇಳಿದರು: ರೋಗಿ ಒಪ್ಪಿದರೆ ಮಾತ್ರ ಒಳಗಿರಬೇಕು, ಹೇಳದೆ ಯಾರನ್ನೂ ಮುಟ್ಟಬಾರದು, ಇಲ್ಲಿ ಕೇಳಿದ ಮಾತು ಅತ್ತೆಯ ಮನೆಗೂ ಹೋಗಬಾರದು.

ಮೊದಲ ವಾರ ನರಕವಾಯಿತು. ರಕ್ತದ ಹೆದರಿಕೆ ಎರಡೇ ದಿನಕ್ಕೆ ಹೋಯಿತು. ಹೋಗದೇ ಉಳಿದದ್ದು ಚಡಪಡಿಕೆ. ಕೆಮ್ಮು, ಜ್ವರ, ಹುಣ್ಣು ನೋಡುತ್ತ, ಬೆನ್ನ ಹಿಂದೆ ಕೈ ಕಟ್ಟಿ ಗೋಡೆಗೆ ಆತು ನಿಂತು, ಒಂದು ಕಾಲಿನಿಂದ ಇನ್ನೊಂದು ಕಾಲಿಗೆ ಭಾರ ಬದಲಿಸುತ್ತಿದ್ದೆ. ಬಾಯಾರು ಒಬ್ಬ ಮುದುಕಿಯ ನಾಡಿ ಹಿಡಿದು ಅಷ್ಟು ಹೊತ್ತು ಸುಮ್ಮನೆ ಕೂತರೆ ನನಗೆ ಸಿಟ್ಟೇ ಬರುತ್ತಿತ್ತು. ಏನಾದರೂ ಮಾಡಬಾರದೇ ಇವರು ಎನಿಸುತ್ತಿತ್ತು.

ಎರಡನೆಯ ವಾರ ಒಂದು ಮಧ್ಯಾಹ್ನ ಎತ್ತಿನ ಚಕ್ಕಡಿಯೊಂದು ಬಂದು ಬಾಗಿಲಿಗೆ ನಿಂತಿತು. ಫಕೀರಪ್ಪ ಎಂಬ ರೈತನನ್ನು ಅವನ ತಮ್ಮ ಮತ್ತು ಹೆಂಡತಿ ಹೊತ್ತು ತಂದರು. ಬಾಯಿಂದ ಜೊಲ್ಲು ಸುರಿಯುತ್ತಿತ್ತು, ಮೈಯೆಲ್ಲ ಬೆವರು, ಮಾತು ತೊದಲು. ಹೊರಗೆ ಕೂತವರಲ್ಲಿ ಯಾರೋ "ಹಗಲ ಹೊತ್ತಿನ್ಯಾಗ ಕುಡದಾನ ನೋಡು" ಎಂದರು.

ಹೆಂಡತಿ ಕಲ್ಲವ್ವ ತಿರುಗಿ ನಿಂತಳು. "ಅವರು ಒಂದು ಹನಿ ಮುಟ್ಟಿದವರಲ್ಲ! ಮುಂಜಾನಿಂದ ಹತ್ತೀಗೆ ಎಣ್ಣಿ ಹೊಡಿಯಾಕತ್ತಿದ್ರು."

ನಮ್ಮಲ್ಲಿ ಕೀಟನಾಶಕಕ್ಕೆ ಎಣ್ಣೆ ಎಂದೇ ಹೆಸರು. ಬಾಯಾರು ಬ್ಯಾಟರಿ ಬೆಳಕು ಬಿಟ್ಟು ಅವನ ಕಣ್ಣು ನೋಡಿ, ನನ್ನನ್ನು ಕರೆದು ತೋರಿಸಿದರು. ಪಾಪೆ ಸಾಸಿವೆ ಕಾಳಿಗಿಂತ ಸಣ್ಣದಾಗಿತ್ತು. "ಇದು ಎಣ್ಣೀ ವಿಷ," ಎಂದರು. ಗಾಳಿಗೆ ಎದುರಾಗಿ ಹೊಡೆದಿದ್ದಾನೆ, ಉಸಿರಿನಿಂದಲೂ ಚರ್ಮದಿಂದಲೂ ಒಳಗೆ ಇಳಿದಿದೆ. ನರ್ಸ್ ಗಂಗವ್ವ ಮತ್ತು ಅವನ ತಮ್ಮ ಬಟ್ಟೆ ಕಳಚಿ ಸಾಬೂನು ಹಚ್ಚಿ ಮೈ ತೊಳೆದರು. ಬಾಯಾರು ಅಟ್ರೊಪಿನ್ ಇಂಜೆಕ್ಷನ್ ಶುರು ಮಾಡಿದರು. ಈ ಔಷಧ ಎದೆಯಲ್ಲಿ ತುಂಬುವ ನೀರನ್ನು ಒಣಗಿಸುತ್ತದೆ, ನಿಧಾನವಾದ ನಾಡಿಯನ್ನು ಏರಿಸುತ್ತದೆ. ಒಮ್ಮೆ ಕೊಟ್ಟರೆ ಸಾಲದು. ಕೊಟ್ಟು, ಕಾದು, ನೋಡಿ, ಮತ್ತೆ ಕೊಡಬೇಕು. ಹುಬ್ಬಳ್ಳಿಗೆ ಸಾಗಿಸಲು ಜೀಪು ತರಲೆಂದು ಫಕೀರಪ್ಪನ ತಮ್ಮ ಯಾರದೋ ಮೋಟರ್ ಸೈಕಲ್ ಹತ್ತಿ ಕಲಘಟಗಿಗೆ ಹೋದ.

ನಾಲ್ಕಾರು ಸಲ ಇಂಜೆಕ್ಷನ್ ಕೊಟ್ಟ ಮೇಲೆ ಜೊಲ್ಲು ನಿಂತಿತು, ಉಸಿರು ಹಗುರಾಯಿತು. ಅಷ್ಟರಲ್ಲಿ ಒಳಕೋಣೆಯಲ್ಲಿ ಹೆರಿಗೆಗೆ ಬಂದಿದ್ದ ಹೆಣ್ಣುಮಗಳು ಚೀರಿದಳು. ಬಾಯಾರು ಅತ್ತ ಹೋಗಲೇಬೇಕು, ಗಂಗವ್ವನೂ ಬೇಕು. ಅವರು ಒಂದು ಕುರ್ಚಿ ಎಳೆದು ಮಂಚದ ಬಾಜು ಇಟ್ಟರು.

"ಕುಂದ್ರು. ನಾಡಿ ಹಿಡಿ. ಬಾಯಿ ಒಣಗಿರಬೇಕು, ಉಸಿರಿನ್ಯಾಗ ಗುರುಗುರು ಸಪ್ಪಳ ಬರಬಾರದು. ಬದಲಾತಂದ್ರ ಅಲ್ಲಿಂದನ ಕೂಗು. ಏನ ಆದ್ರೂ ಏಳಬ್ಯಾಡ."

ಹತ್ತು ದಿನಗಳಿಂದ ಏನಾದರೂ ಮಾಡಲು ಹಂಬಲಿಸಿದ್ದ ನನಗೆ ಸಿಕ್ಕ ಮೊದಲ ಕೆಲಸ ಕೂರುವುದು! ಬೆರಳ ಕೆಳಗೆ ನಾಡಿ ಓಡುತ್ತಿತ್ತು, ನನ್ನ ಕಾಲೂ ಅದರೊಡನೆ ಕುಣಿಯುತ್ತಿತ್ತು. ಜೀಪು ಬಂತೇ ಎಂದು ರಸ್ತೆ ನೋಡಬೇಕೆನಿಸಿತು. ನೀರು ತರಲೇ, ಕಿಟಕಿ ತೆರೆಯಲೇ ಎನಿಸಿತು. ಹೊರಗೆ ಬಸ್ಸಿನ ಹಾರ್ನ್ ಕೇಳಿದಾಗ ಸುಮ್ಮಸುಮ್ಮನೆ ಅರ್ಧ ಎದ್ದೆ, ಮತ್ತೆ ಕೂತೆ. ಕಲ್ಲವ್ವ ಗಂಡನ ತಲೆ ಎತ್ತಿ ಅದರಡಿ ಏನನ್ನೋ ಸರಿಸಿ ಇಟ್ಟದ್ದು ಕಂಡಿತು. "ಈಗ ಆರಾಮದಾರಲ್ರಿ ಅಕ್ಕಾರ? ಮನೀಗೆ ಹೋಗೂಣೇನ್ರಿ?" ಎಂದು ಕೇಳಿದಳು. ನನಗೂ ಹಾಗೇ ಅನಿಸಿತ್ತು.

ಸ್ವಲ್ಪ ಹೊತ್ತಿನಲ್ಲಿ ಅವನ ಮೇಲ್ದುಟಿಯ ಮೇಲೆ ಬೆವರು ಮೂಡಿತು. ಸೆಖೆ ಇರಬಹುದೆಂದುಕೊಂಡೆ. ಆದರೆ ನನ್ನ ಮೈ ಒಣಗಿತ್ತು, ಕಲ್ಲವ್ವನ ಮೈಯೂ ಒಣಗಿತ್ತು. ಬಾಯ ಅಂಚಿನಲ್ಲಿ ಮತ್ತೆ ಎಳೆಯಾಗಿ ಜೊಲ್ಲು. ಬಗ್ಗಿ ಉಸಿರು ಕೇಳಲು ಹೋದರೆ ಸೀಮೆಎಣ್ಣೆಯಂಥ ಘಾಟು ಮೂಗಿಗೆ ಬಡಿಯಿತು. ತೊಳೆದ ಮೈಗೆ ಈ ವಾಸನೆ ಎಲ್ಲಿಂದ? ತಲೆಯ ಕೆಳಗೆ ನೋಡಿದೆ. ಅವನು ಹೊಲದಲ್ಲಿ ಸುತ್ತಿಕೊಂಡಿದ್ದ ರುಮಾಲು, ಎಣ್ಣೆಯಿಂದ ಇನ್ನೂ ಹಸಿ.

"ಬಾಯಾರ! ಲಗೂ ಬರ್ರಿ!" ನನ್ನ ಕೂಗು ನನಗೇ ಗುರುತು ಸಿಗಲಿಲ್ಲ. "ಮತ್ತ ಜೊಲ್ಲು ಬರಾಕತ್ತದ್ರಿ! ತಲಿ ಬುಡಕ ಎಣ್ಣೀ ರುಮಾಲು ಅದರಿ!"

"ಕಿತ್ತು ಒಗಿ ಅದನ್ನ!" ಎಂದು ಕೂಗುತ್ತಲೇ ಅವರು ಬಂದರು. ಇಂಜೆಕ್ಷನ್ ಕೊಟ್ಟು, ಗಂಗವ್ವನಿಂದ ತಲೆಗೂದಲು ಮತ್ತೆ ತೊಳೆಸಿದರು. ಉಸಿರಿನ ಸದ್ದು ಆಗಲೇ ಕುದಿಯುವ ನೀರಿನಂತಾಗಿತ್ತು. ಅದು ಇಳಿಯುವವರೆಗೆ ನಾನು ನಾಡಿ ಬಿಡಲಿಲ್ಲ.

"ಬರೇ ಹಲಗೀ ಮ್ಯಾಲೆ ತಲಿ ಇತ್ತರೀ... ಒತ್ತತಿತ್ತು ಅಂತ ಇಟ್ಟೆರಿ..." ಕಲ್ಲವ್ವ ಗೋಡೆಗೆ ಆತು ಕುಸಿದಳು.

ಬಾಯಾರು ಬೈಯಲಿಲ್ಲ. "ನಿನಗ ಹೆಂಗ ಗೊತ್ತಾಗಬೇಕವ್ವಾ? ನಾವು ಹೇಳಬೇಕಿತ್ತು. ನೀನೂ ಕೈ ತೊಳ್ಕೋ, ಸಾಬೂನು ಹಚ್ಚಿ" ಎಂದರು.

ಹೊತ್ತು ಮುಳುಗುವ ಮೊದಲು ಜೀಪು ಬಂತು. ಗಂಗವ್ವ ಅಟ್ರೊಪಿನ್ ಹಿಡಿದು ಜೊತೆಗೆ ಹೋದಳು. ಒಳಕೋಣೆಯಲ್ಲಿ ಹೆಣ್ಣು ಮಗು ಹುಟ್ಟಿತು, ಆಗ ನಾನು ಬಾಯಾರ ಪಕ್ಕದಲ್ಲಿ ನಿಂತು ದೀಪ ಹಿಡಿದಿದ್ದೆ.

ಫಕೀರಪ್ಪ ಬದುಕಿದ. ಹುಬ್ಬಳ್ಳಿಯಿಂದ ಮರಳಿದ ಮೇಲೆ ದವಾಖಾನೆಗೆ ಬಂದು ನನ್ನ ಮುಖ ದಿಟ್ಟಿಸಿ, "ಅವತ್ತಿಂದು ನನಗೇನೂ ನೆನಪಿಲ್ರಿ ಅಕ್ಕಾರ. ಯಾರೋ ಕೈ ಹಿಡಕೊಂಡಿದ್ರು, ಬಿಡಲಿಲ್ಲ. ಅಷ್ಟ ಗೊತ್ತು" ಎಂದ. ಆ ವಾರವೇ ಊರಿಗೆ ಹೋಗಿ ಅಪ್ಪನಿಗೆ ಹೂಂ ಎಂದೆ.

ಮುಂದೆ ನಾನೂ ಡಾಕ್ಟರಾದೆ, ನಿವೃತ್ತಳೂ ಆದೆ. ಇಂಜೆಕ್ಷನ್ ಕೊಟ್ಟು ಮುಂದಿನ ಮಂಚಕ್ಕೆ ಧಾವಿಸುವ ಸ್ವಭಾವ ನನ್ನನ್ನು ಬಿಡಲಿಲ್ಲ. ಅದನ್ನು ಪ್ರತಿದಿನ ಹಿಡಿದು ನಿಲ್ಲಿಸಬೇಕಾಯಿತು. ಚಿಕಿತ್ಸೆಯ ದೊಡ್ಡ ಪಾಲು ಔಷಧ ಕೊಟ್ಟ ನಂತರ ಶುರುವಾಗುತ್ತದೆ, 'ಈಗ ಆರಾಮ' ಎಂದು ಎಲ್ಲರೂ ನಿರಾಳವಾಗಿ ಉಸಿರು ಬಿಟ್ಟ ಹೊತ್ತಿನಲ್ಲಿ. ಮಿಶ್ರಿಕೋಟಿಯಲ್ಲಿ ನಾನು ಕಲಿತದ್ದು ಇಷ್ಟೇ. ಡಾಕ್ಟರಾಗಬೇಕೆಂದು ನನ್ನ ಬಳಿಗೆ ಬಂದ ಯಾವ ಹುಡುಗಿಯನ್ನೂ ನಾನು ಬಾಗಿಲಿನಿಂದ ತಿರುಗಿ ಕಳಿಸಲಿಲ್ಲ. ಒಬ್ಬ ರೋಗಿಯ ಹತ್ತಿರ ಕೂರಿಸಿ, "ನೋಡ್ತಾ ಇರು, ಆಮ್ಯಾಲೆ ಕೇಳತೇನಿ" ಎನ್ನುತ್ತಿದ್ದೆ. ಅವರು ಕುರ್ಚಿಯಲ್ಲಿ ಮಿಸುಕಾಡುವುದು ಕಂಡಾಗ ನನಗೆ ಸಂತೋಷವಾಗುತ್ತಿತ್ತು. ಮಿಸುಕಾಡಿಯೂ ಏಳದೇ ಇರುವವರೇ ನಮ್ಮ ಕೆಲಸಕ್ಕೆ ಬೇಕಾದವರು.